ಹೊಸ ಸಂಶೋಧನೆಗೆ ವಿಮರ್ಶೆ ಬರೆಯುವುದು ಹೇಗೆ: ತತ್ವಶಾಸ್ತ್ರ, ರಾಜ್ಯಶಾಸ್ತ್ರದವರಿಗೆ ಕಲಬುರಗಿಯಿಂದ ಒಂದು ಕೈಪಿಡಿ

ನಮ್ಮ ಕಡೆ ಪುಸ್ತಕ ವಿಮರ್ಶೆ ಅಂದರೆ ಹೆಚ್ಚಾಗಿ ಹೀಗಿರುತ್ತದೆ. ಮೊದಲ ಪ್ಯಾರಾದಲ್ಲಿ ಲೇಖಕರ ಹುದ್ದೆ, ಅವರಿಗೆ ಬಂದ ಪ್ರಶಸ್ತಿಗಳು. ಆಮೇಲೆ ಅಧ್ಯಾಯಕ್ಕೆ ಎರಡೆರಡು ಸಾಲು. ಕೊನೆಗೆ 'ಮುಖಪುಟ ಆಕರ್ಷಕವಾಗಿದೆ, ಅಲ್ಲಲ್ಲಿ ಅಚ್ಚಿನ ದೋಷಗಳಿವೆ, ಎಲ್ಲರೂ ಕೊಂಡು ಓದಬೇಕಾದ ಕೃತಿ'. ಲೇಖಕರಿಗೆ ಖುಷಿ. ಪತ್ರಿಕೆಯ ಅರ್ಧ ಪುಟ ತುಂಬಿತು. ಆದರೆ ಪುಸ್ತಕ ಏನನ್ನು ವಾದಿಸುತ್ತದೆ, ಆ ವಾದ ನಿಲ್ಲುತ್ತದಾ ಬೀಳುತ್ತದಾ ಅನ್ನುವುದು ಓದಿದವರಿಗೆ ಗೊತ್ತಾಗುವುದೇ ಇಲ್ಲ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಎಂ.ಎ., ಪಿಎಚ್.ಡಿ. ಮಾಡುತ್ತಿರುವವರನ್ನು, ಬೀದರ್ ಮತ್ತು ಯಾದಗಿರಿಯ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೆಹಲಿಯಲ್ಲೋ ಆಕ್ಸ್‌ಫರ್ಡ್‌ನಲ್ಲೋ ಕೂತ ವಿಮರ್ಶಕರ ಹತ್ತಿರ ದೊಡ್ಡ ಗ್ರಂಥಾಲಯ ಇದೆ, ನಿಜ. ಆದರೆ ಈ ಭಾಗದ ಬಗ್ಗೆ ಬಂದ ಕೆಲಸವನ್ನು ನೆಲಕ್ಕಿಟ್ಟು ನೋಡುವ ಅನುಕೂಲ ನಮಗಿದೆ. ಜಿಲ್ಲೆ ಯಾವಾಗ ಒಡೆಯಿತು, ಕ್ಷೇತ್ರದ ಗಡಿ ಯಾವ ತಾಲ್ಲೂಕಿನಲ್ಲಿ ಮುರಿಯುತ್ತದೆ, ವಚನ ಯಾವ ಕಾಲದ ಸಂಕಲನದಿಂದ ಬಂದದ್ದು ಎಂದು ನಾವು ಕೇಳಬಹುದು. ಅದನ್ನು ಬಿಟ್ಟು ಮುಖಪುಟ ಹೊಗಳುತ್ತಾ ಕೂತರೆ ಹೇಗೆ?

1. ಯಾವುದನ್ನು ಕೈಗೆತ್ತಿಕೊಳ್ಳಬೇಕು

ಹೊಸದು ಅಂದರೆ ಕಳೆದ ಒಂದೆರಡು ವರ್ಷದಲ್ಲಿ ಬಂದದ್ದು. ಪುಸ್ತಕವೇ ಆಗಬೇಕಿಲ್ಲ. ಒಂದು ಜರ್ನಲ್ ಲೇಖನ ಸಾಕು, ಒಂದು ಪಿಎಚ್.ಡಿ. ಪ್ರಬಂಧವೂ ಆಗುತ್ತದೆ. ಆರಿಸುವಾಗ ನನ್ನದು ಒಂದೇ ಪರೀಕ್ಷೆ: ಇದರೊಳಗಿನ ಒಂದು ಮುಖ್ಯ ಮಾತನ್ನಾದರೂ ನಾನು ಸ್ವತಃ ಪರಿಶೀಲಿಸಬಲ್ಲೆನಾ? ಮೂಲ ಪಠ್ಯ ನನ್ನ ಕೈಗೆ ಸಿಗುತ್ತದಾ, ಅಂಕಿ ಅಂಶ ತೆಗೆದು ನೋಡಬಹುದಾ, ಆ ಜಾಗ ಗೊತ್ತಿದೆಯಾ? ಮೂರಕ್ಕೂ ಇಲ್ಲ ಅಂದರೆ ಬಿಟ್ಟುಬಿಡಿ. ಇಡೀ ಜಗತ್ತಿನ ಪ್ರಜಾಪ್ರಭುತ್ವದ ಬಗೆಗಿನ ದಪ್ಪ ಗ್ರಂಥಕ್ಕಿಂತ ಆಳಂದ ತಾಲ್ಲೂಕಿನ ಪಂಚಾಯಿತಿಗಳ ಬಗೆಗಿನ ಸಣ್ಣ ಲೇಖನಕ್ಕೆ ನೀವು ಒಳ್ಳೆಯ ವಿಮರ್ಶೆ ಬರೆಯುತ್ತೀರಿ.

ಇನ್ನೊಂದು ಕಷ್ಟ ಇದೆ. ನಮ್ಮ ಕಡೆ ಎಲ್ಲರಿಗೂ ಎಲ್ಲರೂ ಗೊತ್ತು. ಲೇಖಕರು ನಿಮ್ಮ ಗೈಡ್ ಆಗಿರಬಹುದು, ನಾಳೆ ನಿಮ್ಮ ವೈವಾಗೆ ಬರುವವರಾಗಿರಬಹುದು, ಹೋದ ವರ್ಷ ನಿಮ್ಮ ಜೊತೆ ಒಂದೇ ಹುದ್ದೆಗೆ ಸಂದರ್ಶನಕ್ಕೆ ಕೂತವರಾಗಿರಬಹುದು. ಗೈಡ್ ಬರೆದದ್ದನ್ನು, ನಿಮಗೆ ಸಿಗಬೇಕಾದದ್ದು ಯಾರ ಕೈಯಲ್ಲಿದೆಯೋ ಅವರು ಬರೆದದ್ದನ್ನು, ಜಗಳ ಆಡಿದವರು ಬರೆದದ್ದನ್ನು ಮುಟ್ಟಬೇಡಿ. ಬರೀ ಪರಿಚಯ ಇದ್ದರೆ ಪರವಾಗಿಲ್ಲ. ಸಂಪಾದಕರಿಗೆ ಒಂದು ಸಾಲಿನಲ್ಲಿ ತಿಳಿಸಿ, ಮುಂದುವರಿಯಿರಿ.

ಹುಡುಕುವ ಜಾಗಗಳು: ರಾಜ್ಯಶಾಸ್ತ್ರಕ್ಕೆ ಮುಂಬೈಯಿಂದ 1966ರಿಂದ ಬರುತ್ತಿರುವ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, ಚುನಾವಣಾ ಅಧ್ಯಯನ ನಡೆಸುವ ಲೋಕನೀತಿ ಸಂಸ್ಥೆಯವರ ಸ್ಟಡೀಸ್ ಇನ್ ಇಂಡಿಯನ್ ಪಾಲಿಟಿಕ್ಸ್. ತತ್ವಶಾಸ್ತ್ರಕ್ಕೆ ಫಿಲ್‌ಪೇಪರ್ಸ್ ಎಂಬ ಸೂಚಿ. ನಾಟ್ರ ಡೇಮ್ ವಿಶ್ವವಿದ್ಯಾಲಯದವರು 2002ರಿಂದ ಆನ್‌ಲೈನ್‌ನಲ್ಲಿ ತತ್ವಶಾಸ್ತ್ರದ ಪುಸ್ತಕ ವಿಮರ್ಶೆಗಳನ್ನೇ ಪ್ರಕಟಿಸುತ್ತಾರೆ, ಓದಲು ದುಡ್ಡು ಬೇಡ. ಅಲ್ಲಿಯ ಹತ್ತು ವಿಮರ್ಶೆ ಓದಿದರೆ ಈ ಕೈಪಿಡಿಯ ಅರ್ಧ ನಿಮಗೆ ಬೇಡವಾಗುತ್ತದೆ.

2. ಪ್ರತಿ ಸಿಗುವುದು ಹೇಗೆ

'ನಮ್ಮ ಕಾಲೇಜಿನಲ್ಲಿ ಜರ್ನಲ್ ಬರಲ್ಲ ಸರ್' ಎನ್ನುವ ಮಾತು ಈಗ ಮೊದಲಿನಷ್ಟು ನಿಜ ಅಲ್ಲ. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಕಾಲೇಜು ನೋಂದಾಯಿಸಿದೆಯಾ ಎಂದು ಗ್ರಂಥಪಾಲಕರನ್ನು ಕೇಳಿ. ಇಲ್ಲ ಅಂದರೆ ನೋಂದಾಯಿಸುವಂತೆ ಬೆನ್ನು ಹತ್ತಿ. ಜರ್ನಲ್ ಲೇಖನಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೂ ತಿಂಗಳಿಗೆ 100 ಲೇಖನದವರೆಗೆ ತೆರೆಯ ಮೇಲೆ ಪುಕ್ಕಟೆ ಓದಬಹುದು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಇದೆ. ಯಾವುದರಲ್ಲೂ ಸಿಗದಿದ್ದರೆ ಲೇಖಕರಿಗೇ ಇಮೇಲ್ ಮಾಡಿ. ತಮ್ಮ ಲೇಖನವನ್ನು ಯಾರೋ ಓದಬೇಕು ಅಂತಾರಲ್ಲ ಎಂದು ಬಹಳಷ್ಟು ಜನ ಖುಷಿಯಿಂದಲೇ ಕಳಿಸುತ್ತಾರೆ. ಪುಸ್ತಕವಾದರೆ ಪತ್ರಿಕೆಯ ಸಂಪಾದಕರ ಮೂಲಕ ವಿಮರ್ಶಾ ಪ್ರತಿ ಕೇಳಿ.

3. ಮೊದಲ ಓದು: ಹಿಂದಿನಿಂದ ಮುಂದಕ್ಕೆ

ಮುನ್ನುಡಿ ಓದಿ, ಕೊನೆಯ ಅಧ್ಯಾಯ ಓದಿ, ಆಮೇಲೆ ಗ್ರಂಥಋಣಕ್ಕೆ ಹೋಗಿ. ಹೌದು, ಮಧ್ಯದ ಅಧ್ಯಾಯಗಳಿಗಿಂತ ಮೊದಲೇ. ಲೇಖಕರು ಯಾರ ಜೊತೆ ಮಾತಾಡುತ್ತಿದ್ದಾರೆ, ಯಾರನ್ನು ಕಿವಿಗೆ ಹಾಕಿಕೊಂಡಿಲ್ಲ ಎನ್ನುವುದು ಅಲ್ಲಿ ಗೊತ್ತಾಗುತ್ತದೆ.

ನಮ್ಮ ಭಾಗದ ಬಗ್ಗೆ ಬರೆದ ಕೆಲಸವಾದರೆ ಇದು ಇನ್ನೂ ಮುಖ್ಯ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಆಳ್ವಿಕೆಯ ನಾಡು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಆ ಕಾಲದ ಬಗ್ಗೆ ಪುಸ್ತಕ ಬಂದು, ಗ್ರಂಥಋಣದಲ್ಲಿ ಒಂದೂ ಉರ್ದು ಕಾಗದಪತ್ರ ಇಲ್ಲ, ಕನ್ನಡದ ಆತ್ಮಕಥೆ, ಸ್ಮರಣ ಸಂಚಿಕೆಗಳಿಲ್ಲ, ಬರೀ ಇಂಗ್ಲಿಷ್ ಪುಸ್ತಕಗಳಿವೆ ಅಂದರೆ ಅದನ್ನು ವಿಮರ್ಶೆಯಲ್ಲಿ ಹೇಳಲೇಬೇಕು. ನಿಜಾಮರ ಪರ ನಿಂತ ರಜಾಕಾರರ ಹಾವಳಿಯ ಬಗ್ಗೆ ಮೂವತ್ತು ಪುಟ ಬರೆದು, ಭಾರತದ ಸೇನೆ ಬಂದ ಪೊಲೀಸ್ ಕಾರ್ಯಾಚರಣೆ ಆದಮೇಲೆ ನಡೆದ ಹಿಂಸೆಯನ್ನು ಒಂದು ಸಾಲಿನಲ್ಲಿ ದಾಟಿದ್ದಾರಾ? ಹಾಗಾದರೆ ಆ ಹಿಂಸೆಯ ಬಗ್ಗೆ ವಿಚಾರಿಸಿದ ಸುಂದರ್‌ಲಾಲ್ ಸಮಿತಿಯ ವರದಿಯನ್ನು ನೋಡಿದ್ದಾರಾ ಎಂದು ಕೇಳಬೇಕು. ಆ ವರದಿ ಹೆಚ್ಚು ಹಾನಿಯಾದ ಜಿಲ್ಲೆಗಳ ಸಾಲಿನಲ್ಲಿ ಗುಲಬರ್ಗಾ, ಬೀದರ್ ಎರಡನ್ನೂ ಹೆಸರಿಸುತ್ತದೆ. ತಿರುಗಾಮುರುಗಾ ಮಾಡಿ, ಎರಡನೆಯದನ್ನು ಹಿಗ್ಗಿಸಿ ಮೊದಲನೆಯದನ್ನು ಒಂದು ಸಾಲಿನಲ್ಲಿ ದಾಟಿದವರಿಗೂ ಇಂಥದೇ ಪ್ರಶ್ನೆ ಅನ್ವಯಿಸುತ್ತದೆ. ಗ್ರಂಥಋಣ ಒಂದು ಕಡೆಗೆ ವಾಲಿದ್ದರೆ ವಾದವೂ ವಾಲಿರುವ ಸಾಧ್ಯತೆ ಜಾಸ್ತಿ.

ಆಮೇಲೆ ಪೂರ್ತಿ ಓದಿ. ಈ ಓದಿನಲ್ಲಿ ತೀರ್ಪು ಕೊಡಬೇಡಿ. ಅಂಚಿನಲ್ಲಿ ಮೂರೇ ಗುರುತು ಸಾಕು: ಇದು ಮುಖ್ಯ ಮಾತು, ಇದು ಆಧಾರ, ಇದು ನನಗೆ ಅರ್ಥವಾಗಲಿಲ್ಲ. ಮೂರನೆಯದಕ್ಕೆ ನಾಚಿಕೆ ಬೇಡ. ತತ್ವಶಾಸ್ತ್ರದಲ್ಲಿ ಒಂದು ಪುಟ ಅರ್ಥವಾಗದಿದ್ದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆನ್‌ಲೈನ್ ತತ್ವಶಾಸ್ತ್ರ ವಿಶ್ವಕೋಶದಲ್ಲಿ ಆ ವಿಷಯದ ಲೇಖನ ಓದಿ ಬನ್ನಿ. ಅದು ಪುಕ್ಕಟೆ, ತಜ್ಞರೇ ಬರೆದು ಆಗಾಗ ಪರಿಷ್ಕರಿಸುವಂಥದ್ದು. ವಾಪಸ್ ಬಂದು ಓದಿದಮೇಲೂ ಅರ್ಥವಾಗದಿದ್ದರೆ ಆಗ ತಪ್ಪು ಲೇಖಕರದ್ದೂ ಆಗಿರಬಹುದು.

4. ಲೇಖಕರ ವಾದವನ್ನು ಅವರೇ ಒಪ್ಪುವಂತೆ ಬರೆಯಿರಿ

ಈ ಹೆಜ್ಜೆ ತಪ್ಪಿದರೆ ಮುಂದಿನದೆಲ್ಲಾ ವ್ಯರ್ಥ. ಪುಸ್ತಕದ ಮುಖ್ಯ ವಾದವನ್ನು ಎರಡು ಮೂರು ವಾಕ್ಯದಲ್ಲಿ ಬರೆಯಿರಿ. ಲೇಖಕರು ಅದನ್ನು ಓದಿ 'ಹೌದು, ನಾನು ಹೇಳಿದ್ದು ಇದೇ' ಅನ್ನಬೇಕು.

ಇದೇನು ಪಶ್ಚಿಮದಿಂದ ಬಂದ ಶಿಸ್ತಲ್ಲ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮೊದಲು ಬಲವಾಗಿ ನಿಲ್ಲಿಸಿ, ಆಮೇಲೆ ಉತ್ತರಿಸುವ ಕ್ರಮ ನಮ್ಮ ಟೀಕಾ ಪರಂಪರೆಯಲ್ಲೇ ಇದೆ. ಮಳಖೇಡದ ಜೊತೆ ಹೆಸರು ಬೆಸೆದುಕೊಂಡಿರುವ ಜಯತೀರ್ಥರು ಮಧ್ವರ ಅನುವ್ಯಾಖ್ಯಾನಕ್ಕೆ ಬರೆದ ನ್ಯಾಯಸುಧೆಯನ್ನು ತೆರೆದರೆ ಬೇರೆ ದರ್ಶನಗಳ ವಾದಗಳನ್ನು ಎಷ್ಟು ತಾಳ್ಮೆಯಿಂದ ಮಂಡಿಸುತ್ತಾರೆ ಎನ್ನುವುದು ಕಾಣುತ್ತದೆ. ಸಿದ್ಧಾಂತ ಒಪ್ಪದವರೂ ಆ ಕ್ರಮವನ್ನು ಕಲಿಯಬಹುದು.

ಒಂದು ಉದಾಹರಣೆ ಹಿಡಿದು ನೋಡೋಣ. ಜಾನ್ ರಾಲ್ಸ್ 1971ರಲ್ಲಿ ಮಂಡಿಸಿದ ನ್ಯಾಯದ ಸಿದ್ಧಾಂತವನ್ನು ನಮ್ಮ ಎಂ.ಎ. ನೋಟ್ಸ್‌ಗಳಲ್ಲಿ 'ಎಲ್ಲರಿಗೂ ಸಮಾನ ಹಂಚಿಕೆ ಆಗಬೇಕು ಎಂದವರು ರಾಲ್ಸ್' ಎಂದು ಬರೆದಿರುತ್ತಾರೆ. ರಾಲ್ಸ್ ಹಾಗೆ ಹೇಳಲಿಲ್ಲ. ಮೂಲಭೂತ ಸ್ವಾತಂತ್ರ್ಯಗಳು ಎಲ್ಲರಿಗೂ ಸಮಾನ, ಹುದ್ದೆಗಳಿಗೆ ನ್ಯಾಯವಾದ ಅವಕಾಶ ಇರಬೇಕು, ಆದಾಯ ಸಂಪತ್ತಿನ ಅಸಮಾನತೆ ಇದ್ದರೆ ಅದು ಎಲ್ಲರಿಗಿಂತ ಕೆಳಗಿರುವವರಿಗೆ ಲಾಭ ತರುವಂತಿರಬೇಕು ಎಂದರು. ಅಸಮಾನತೆಗೆ ಅವರಲ್ಲಿ ಜಾಗ ಇದೆ, ಷರತ್ತಿನ ಮೇಲೆ.

ಈಗ ಯಾರೋ ಒಬ್ಬರು 371ಜೆ ಕಲಮನ್ನು ರಾಲ್ಸ್ ಮೂಲಕ ಸಮರ್ಥಿಸುವ ಲೇಖನ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಕಲಮಿನ ಅಡಿಯಲ್ಲಿ, ನಮ್ಮ ಭಾಗದ ಗ್ರೂಪ್ ಎ, ಬಿ ಹುದ್ದೆಗಳಲ್ಲಿ ಶೇ. 75, ಸಿ ಹುದ್ದೆಗಳಲ್ಲಿ ಶೇ. 80, ಡಿ ಹುದ್ದೆಗಳಲ್ಲಿ ಶೇ. 85 ಸ್ಥಳೀಯರಿಗೆ ಮೀಸಲು. ಲೇಖನದ ವಾದ: ಕಲ್ಯಾಣ ಕರ್ನಾಟಕ ಹಿಂದುಳಿದ ಪ್ರದೇಶ, ರಾಲ್ಸ್ ಪ್ರಕಾರ ಹಿಂದುಳಿದವರಿಗೆ ಲಾಭವಾಗುವ ವ್ಯವಸ್ಥೆ ನ್ಯಾಯಯುತ, ಹಾಗಾಗಿ 371ಜೆ ನ್ಯಾಯಯುತ.

ನಮ್ಮವರಲ್ಲಿ ಬಹುತೇಕರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಮ್ಮ ಪರವಾಗಿ ಬರೆದಿದ್ದಾರಲ್ಲ! ವಿಮರ್ಶಕರು ಅಲ್ಲೇ ನಿಲ್ಲಬೇಕು. ರಾಲ್ಸ್ ಮಾತಾಡುವುದು ಸಮಾಜದಲ್ಲಿ ಕೆಳಗಿನ ಸ್ಥಾನದಲ್ಲಿರುವ ಜನರ ಬಗ್ಗೆ, ಪ್ರದೇಶದ ಬಗ್ಗೆ ಅಲ್ಲ. ಕಲಬುರಗಿ ನಗರದ ಡಾಕ್ಟರ ಮಗಳೂ ಸುರಪುರ ತಾಲ್ಲೂಕಿನ ಕೂಲಿಕಾರರ ಮಗನೂ 371ಜೆಯ ಕಣ್ಣಿಗೆ ಒಂದೇ: ಇಬ್ಬರೂ ಸ್ಥಳೀಯರು. ಹಾಗಾದರೆ ಪ್ರದೇಶದಿಂದ ವ್ಯಕ್ತಿಗೆ ಬರುವ ಸೇತುವೆ ಲೇಖನದಲ್ಲಿ ಎಲ್ಲಿದೆ? ಸ್ಥಳೀಯ ಕೋಟಾದೊಳಗೂ ಜಾತಿವಾರು ಮೀಸಲಾತಿ ಇದೆ, ಅದು ಸೇತುವೆ ಆಗಬಹುದು ಎಂದು ಲೇಖಕರು ಉತ್ತರಿಸಬಹುದಿತ್ತು. ಉತ್ತರಿಸಿದ್ದಾರಾ? ಇಂಥ ಒಂದು ಪ್ರಶ್ನೆ ಕೇಳಿದರೆ ವಿಮರ್ಶೆಗೆ ಬೆಲೆ ಬಂತು. ಗಮನಿಸಿ, 371ಜೆ ಸರಿಯಾ ತಪ್ಪಾ ಎಂಬ ನಿಮ್ಮ ರಾಜಕೀಯ ನಿಲುವು ಇದರಲ್ಲಿ ಬರಲೇ ಇಲ್ಲ. ಕಲಮು ಬೇಕು ಎನ್ನುವವರೂ ಈ ಲೇಖನದ ವಾದ ಸಾಲದು ಎನ್ನಬಹುದು.

5. ತತ್ವಶಾಸ್ತ್ರದ ಕೆಲಸವನ್ನು ಪರೀಕ್ಷಿಸುವುದು

ವಾದವನ್ನು ಬಿಡಿಸಿ ಹಾಳೆಯ ಮೇಲೆ ಸಂಖ್ಯೆ ಹಾಕಿ ಬರೆಯಿರಿ. ಒಂದು, ಎರಡು, ಮೂರು, ಆದ್ದರಿಂದ ನಾಲ್ಕು. ಹೀಗೆ ಬರೆದಾಗ ನಡುವೆ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಆ ಬಿಟ್ಟುಹೋದದ್ದೇ ಲೇಖಕರು ಹೇಳದೆ ನಂಬಿರುವ ಮಾತು. ಮೇಲಿನ ಉದಾಹರಣೆಯಲ್ಲಿ 'ಪ್ರದೇಶಕ್ಕೆ ಲಾಭವಾದರೆ ಅಲ್ಲಿಯ ಅತಿ ಬಡವರಿಗೂ ಲಾಭ' ಎನ್ನುವುದು ಅಂಥದ್ದು.

ಪ್ರತಿ ಉದಾಹರಣೆ ಹುಡುಕಿ. ಒಂದು ಗಟ್ಟಿ ಪ್ರತಿ ಉದಾಹರಣೆ ಏನು ಮಾಡಬಹುದು ಎಂಬುದಕ್ಕೆ ಎಡ್ಮಂಡ್ ಗೆಟಿಯರ್ ಸಾಕ್ಷಿ. 1963ರಲ್ಲಿ ಅನಾಲಿಸಿಸ್ ಪತ್ರಿಕೆಯಲ್ಲಿ ಮೂರೇ ಪುಟದ ಲೇಖನ ಬರೆದರು. ಒಂದು ನಂಬಿಕೆ ನಿಜವಾಗಿದ್ದು, ಅದಕ್ಕೆ ಸಕಾರಣ ಇದ್ದರೆ ಅದೇ ಜ್ಞಾನ ಎಂಬ ವಿವರಣೆ ಇತ್ತು. ಸಕಾರಣ ನಂಬಿಕೆ ಬರೀ ಅದೃಷ್ಟದಿಂದ ನಿಜವಾದ ಎರಡು ಪ್ರಸಂಗ ಕೊಟ್ಟರು, ಮುಗೀತು. ಇವತ್ತಿಗೂ ಜ್ಞಾನಮೀಮಾಂಸೆಯವರು ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದಾರೆ. ನಮ್ಮ ಪ್ರತಿ ಉದಾಹರಣೆ ಅಷ್ಟು ದೊಡ್ಡದಾಗಬೇಕಿಲ್ಲ. ಆದರೆ ಅದು ಲೇಖಕರ ಮಾತಿಗೆ ನೇರವಾಗಿ ತಾಗಬೇಕು.

ವಚನಗಳ ತತ್ವ ಕುರಿತ ಹೊಸ ಕೆಲಸಗಳಿಗೆ ಬೇರೆಯೇ ಎಚ್ಚರ ಬೇಕು. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇರುವುದರಿಂದ ಈ ವಿಷಯದ ಪುಸ್ತಕಗಳು ನಮ್ಮ ಕೈಗೆ ಬರುತ್ತಲೇ ಇರುತ್ತವೆ. ಮೊದಲ ಪ್ರಶ್ನೆ: ಉಲ್ಲೇಖಿಸಿದ ವಚನ ಎಲ್ಲಿಂದ ಬಂತು? 1993ರಲ್ಲಿ ಕರ್ನಾಟಕ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಸಂಪುಟ ಸಂಖ್ಯೆ, ವಚನ ಸಂಖ್ಯೆ ಇರುತ್ತದೆ. ಅದನ್ನು ಕೊಡದೆ 'ಬಸವಣ್ಣ ಹೇಳುವಂತೆ' ಎಂದು ಬರೆದಿದ್ದರೆ ತೆಗೆದು ನೋಡಿ. ಮೊಬೈಲ್‌ನಲ್ಲಿ ಓಡಾಡುವ ಸಾಲುಗಳು ಪಿಎಚ್.ಡಿ. ಪ್ರಬಂಧದೊಳಗೆ ನುಸುಳುವುದುಂಟು.

ಎರಡನೆಯದು ಇನ್ನೂ ಸೂಕ್ಷ್ಮ. ಅಲ್ಲಮ ಮತ್ತು ಅಕ್ಕಮಹಾದೇವಿಯ ಸಂವಾದ, ಅಲ್ಲಮ ಮತ್ತು ಸಿದ್ಧರಾಮನ ಸಂವಾದ ನಮಗೆ ಸಿಗುವುದು ಶೂನ್ಯಸಂಪಾದನೆಗಳಲ್ಲಿ. ಅವು ಸಂಕಲನವಾದದ್ದು 15ನೇ ಶತಮಾನ ಮತ್ತು ಆಮೇಲೆ. ಬಿಡಿ ವಚನ 12ನೇ ಶತಮಾನದ್ದಿರಬಹುದು, ಆದರೆ ಅದನ್ನು ಇಂಥ ಪ್ರಶ್ನೆಗೆ ಇಂಥ ಉತ್ತರ ಎಂದು ಜೋಡಿಸಿದವರು ನಂತರದ ಸಂಪಾದಕರು. '12ನೇ ಶತಮಾನದ ಕಲ್ಯಾಣದಲ್ಲಿ ಸಾರ್ವಜನಿಕ ಸಂವಾದ ಹೀಗೆ ನಡೆಯುತ್ತಿತ್ತು' ಎಂದು ಒಬ್ಬ ರಾಜಕೀಯ ತತ್ವಜ್ಞರು ಆ ಸಂವಾದಗಳ ಮೇಲೆ ಕಟ್ಟಡ ಕಟ್ಟಿದ್ದರೆ, ತಳಪಾಯದ ಕಾಲ ಯಾವುದು ಎಂದು ನೀವು ಕೇಳಬೇಕು. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎನ್ನುವ ಬರಹಗಳಿಗೂ ಇದೇ ಪ್ರಶ್ನೆ: ಹೇಳುವ ಆಧಾರ ಎಷ್ಟನೇ ಶತಮಾನದ್ದು, ಅದರಲ್ಲಿ ನಿಜವಾಗಿ ಏನಿದೆ? ಇದನ್ನು ಕೇಳಿದರೆ ಶರಣರಿಗೆ ಅಗೌರವ ಮಾಡಿದಂತೆ ಎಂದು ಕೆಲವರು ಮುಖ ಗಂಟಿಕ್ಕುತ್ತಾರೆ. ಕೇಳಲೇಬೇಕು. ಪ್ರಶ್ನೆ ಕೇಳುವುದನ್ನು ಶರಣರಿಂದಲೇ ಕಲಿತವರು ನಾವು, ಅಲ್ವಾ?

6. ರಾಜ್ಯಶಾಸ್ತ್ರದ ಕೆಲಸವನ್ನು ಪರೀಕ್ಷಿಸುವುದು

ಇಲ್ಲಿ ವಾದದ ಜೊತೆ ಸಾಕ್ಷ್ಯವೂ ಬರುತ್ತದೆ. ಟೇಬಲ್ ನೋಡಿ ಹೆದರಬೇಡಿ. ದೊಡ್ಡ ಗಣಿತ ಗೊತ್ತಿಲ್ಲದೆಯೂ ಕೇಳಬಹುದಾದ ಪ್ರಶ್ನೆಗಳಿವೆ. ನಮ್ಮ ಭಾಗದ ಮಟ್ಟಿಗೆ ಮೊದಲನೆಯದು ಗಡಿಯದ್ದು.

ಯಾದಗಿರಿ ಜಿಲ್ಲೆ ಗುಲಬರ್ಗಾದಿಂದ ಬೇರೆಯಾದದ್ದು 2009ರ ಕೊನೆಗೆ. ಅಂದರೆ 2001ರ ಜನಗಣತಿಯ ಗುಲಬರ್ಗಾ ಬೇರೆ, 2011ರ ಗುಲಬರ್ಗಾ ಬೇರೆ. 2001ರಲ್ಲಿ ಅವಿಭಜಿತ ಜಿಲ್ಲೆಯ ಸಾಕ್ಷರತೆ ಶೇ. 50ರ ಆಸುಪಾಸು ಇತ್ತು. 2011ರಲ್ಲಿ ಗುಲಬರ್ಗಾದ್ದು ಶೇ. 64.85, ಯಾದಗಿರಿಯದ್ದು ಶೇ. 51.83, ರಾಜ್ಯದಲ್ಲೇ ಕಡೆಯದು. ಒಂದು ಲೇಖನ ಈ 50ನ್ನೂ 64.85ನ್ನೂ ಅಕ್ಕಪಕ್ಕ ಇಟ್ಟು 'ಹತ್ತು ವರ್ಷದಲ್ಲಿ ಗುಲಬರ್ಗಾದ ಮಹಾ ಜಿಗಿತ' ಎಂದು ಬರೆದು, ಅದಕ್ಕೆ ಯಾವುದೋ ಯೋಜನೆಯ ಕೀರ್ತಿ ಕೊಟ್ಟಿದ್ದರೆ? ಜಿಗಿತದ ಒಂದು ಪಾಲು ಬರೀ ಯಾದಗಿರಿಯನ್ನು ಲೆಕ್ಕದಿಂದ ತೆಗೆದದ್ದರಿಂದ ಬಂದದ್ದು. ದೂರದ ವಿಮರ್ಶಕರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಜೊತೆಗೆ ನ್ಯಾಯವಾಗಿಯೂ ಇರಬೇಕು: 2021ರಲ್ಲಿ ಜನಗಣತಿ ನಡೆಯಲೇ ಇಲ್ಲ, ಹಾಗಾಗಿ ಹೊಸ ಲೇಖನದಲ್ಲಿ 2011ರ ಅಂಕಿ ಬಳಸಿದ್ದಾರೆ ಎಂದು ಸುಮ್ನೆ ಬೈಯುವಂತಿಲ್ಲ.

ಚುನಾವಣೆಯ ಅಧ್ಯಯನಗಳಲ್ಲಿ ಗಡಿಯ ಗೊಂದಲ ಇನ್ನೂ ಜಾಸ್ತಿ. ಕಲಬುರಗಿ ಜಿಲ್ಲೆ ಮತ್ತು ಕಲಬುರಗಿ ಲೋಕಸಭಾ ಕ್ಷೇತ್ರ ಒಂದೇ ಅಲ್ಲ. ಆಳಂದ, ಚಿಂಚೋಳಿ ನಮ್ಮ ಜಿಲ್ಲೆಯವು, ಆದರೆ ಮತ ಹಾಕುವುದು ಬೀದರ್ ಲೋಕಸಭೆಗೆ. ಗುರುಮಠಕಲ್ ಯಾದಗಿರಿ ಜಿಲ್ಲೆಯದು, ಸೇರುವುದು ಕಲಬುರಗಿ ಕ್ಷೇತ್ರಕ್ಕೆ. ಯಾದಗಿರಿಯ ಉಳಿದ ಮೂರು ವಿಧಾನಸಭಾ ಕ್ಷೇತ್ರಗಳು ರಾಯಚೂರಿಗೆ. ಜಿಲ್ಲೆಯ ಬಡತನದ ಅಂಕಿ ತೆಗೆದು ಲೋಕಸಭೆಯ ಮತದ ಅಂಕಿಗೆ ಜೋಡಿಸಿದ ಲೇಖನ ಎಲ್ಲಿ ಎಡವಿದೆ ಎನ್ನುವುದು ಈಗ ನಿಮಗೇ ಕಾಣುತ್ತದೆ. ಕ್ಷೇತ್ರ ಪುನರ್ವಿಂಗಡಣೆಯನ್ನೂ ಮರೆಯಬೇಡಿ. 2004ರವರೆಗೆ ಬೀದರ್ ಪರಿಶಿಷ್ಟ ಜಾತಿಗೆ ಮೀಸಲು, ಗುಲಬರ್ಗಾ ಸಾಮಾನ್ಯ. 2009ರಿಂದ ಅದಲು ಬದಲು. 2004 ಮತ್ತು 2009ರ ಫಲಿತಾಂಶ ಹೋಲಿಸಿ 'ಮತದಾರರ ಮನಸ್ಸು ಬದಲಾಯಿತು' ಎನ್ನುವವರು, ಮೊದಲು ಕ್ಷೇತ್ರವೇ ಬದಲಾದದ್ದನ್ನು ಹೇಳಬೇಕು.

ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಉಲ್ಲೇಖಿಸದ ಲೇಖನ ನಮ್ಮ ಕಡೆ ಸಿಗುವುದೇ ಕಷ್ಟ. ಆ ಸಮಿತಿ 35 ಸೂಚ್ಯಂಕಗಳಿಂದ ಆಗಿನ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆಮೇಲೆ ಕಮಲಾಪುರ, ಕಾಳಗಿ, ಯಡ್ರಾಮಿ, ಶಹಾಬಾದ್, ಹುಣಸಗಿ, ವಡಗೇರಾ, ಹುಲಸೂರು ಎಂದು ಹೊಸ ತಾಲ್ಲೂಕುಗಳು ಬಂದವು. ಇವತ್ತಿನ ಯಡ್ರಾಮಿಗೆ ಅಂದಿನ ಪಟ್ಟಿಯ ದರ್ಜೆಯನ್ನು ಲೇಖಕರು ಹೇಗೆ ಹಚ್ಚಿದರು? ಹಳೆಯ ಜೇವರ್ಗಿಯದ್ದನ್ನೇ ಕೊಟ್ಟರಾ? ಕೊಟ್ಟಿದ್ದರೆ ಹೇಳಬೇಕಿತ್ತು.

ಸಮೀಕ್ಷೆ ಮಾಡಿದ್ದರೆ ಪ್ರಶ್ನಾವಳಿ ಕೇಳಿ. ಯಾರನ್ನು ಕೇಳಿದರು, ಹೇಗೆ ಆರಿಸಿದರು, ಯಾವ ಭಾಷೆಯಲ್ಲಿ ಕೇಳಿದರು? ಔರಾದ್‌ನಲ್ಲಿ ಮರಾಠಿ ಮನೆಮಾತಿನವರು, ಕಲಬುರಗಿಯ ದರ್ಗಾ ಸುತ್ತ ದಖನಿ ಆಡುವವರು, ಗುರುಮಠಕಲ್ ಕಡೆ ತೆಲುಗಿನವರು ಇದ್ದಾರೆ. ಕಾಲೇಜು ಹುಡುಗರ ಕೈಗೆ ಕನ್ನಡದ ಒಂದೇ ಫಾರಂ ಕೊಟ್ಟು ಮಾಡಿಸಿದ ಸಮೀಕ್ಷೆ ಎಲ್ಲರ ಅಭಿಪ್ರಾಯ ಆಗುವುದಿಲ್ಲ.

ಅಂಕಿ ಅಂಶ ತುಂಬಾ ಚೆಂದ ಕಂಡರೆ ಇನ್ನೊಮ್ಮೆ ನೋಡಿ. 2014ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮೈಕೇಲ್ ಲಕೂರ್ ಎಂಬ ರಾಜ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ ಒಬ್ಬ ಹಿರಿಯ ಪ್ರಾಧ್ಯಾಪಕರ ಜೊತೆ ಲೇಖನ ಪ್ರಕಟಿಸಿದ. ಮನೆ ಬಾಗಿಲಲ್ಲಿ ಸ್ವಲ್ಪ ಹೊತ್ತು ಮಾತಾಡಿದರೆ ಸಲಿಂಗ ವಿವಾಹದ ಬಗ್ಗೆ ಜನರ ನಿಲುವು ಬಹುಕಾಲ ಬದಲಾಗುತ್ತದೆ ಎಂಬುದು ಅದರ ಮಾತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಎಂಬ ಇನ್ನಿಬ್ಬರು ಯುವಕರು ಅದೇ ದಾರಿಯಲ್ಲಿ ತಮ್ಮ ಅಧ್ಯಯನ ಮಾಡಲು ಹೋದಾಗ ಅಷ್ಟು ಜನ ಉತ್ತರವನ್ನೇ ಕೊಡಲಿಲ್ಲ. ಅನುಮಾನ ಬಂದು ಅಗೆದರು. ದತ್ತಾಂಶ ನಂಬುವಂಥದ್ದಲ್ಲ ಎಂದು ಬಯಲಾಯಿತು. 2015ರ ಮೇ ತಿಂಗಳಲ್ಲಿ ಸೈನ್ಸ್ ಲೇಖನವನ್ನು ಹಿಂತೆಗೆದುಕೊಂಡಿತು. ನನಗೆ ಇಷ್ಟವಾದದ್ದು ಮುಂದಿನದು: 2016ರಲ್ಲಿ ಅದೇ ಇಬ್ಬರು ತೃತೀಯ ಲಿಂಗಿಗಳ ಬಗೆಗಿನ ಪೂರ್ವಗ್ರಹದ ಮೇಲೆ ನಿಜವಾದ ಪ್ರಯೋಗ ಮಾಡಿ, ಇಂಥ ಮಾತುಕತೆಗೆ ಪರಿಣಾಮ ಇದೆ ಎಂದೇ ತೋರಿಸಿದರು. ಸುಳ್ಳು ಸಾಕ್ಷ್ಯ ಹಿಡಿಯುವುದು ಮತ್ತು ತೀರ್ಮಾನ ತಪ್ಪು ಎನ್ನುವುದು ಎರಡು ಬೇರೆ ಕೆಲಸ. ವಿಮರ್ಶೆಯಲ್ಲಿ ಅವನ್ನು ಬೆರೆಸಬೇಡಿ.

7. ಬರೆಯಲು ಕೂತಾಗ

ಸಾವಿರದಿಂದ ಸಾವಿರದೈನೂರು ಪದ ಸಾಕು, ಪತ್ರಿಕೆ ಬೇರೆ ಮಿತಿ ಹೇಳಿದ್ದರೆ ಅದು. ಅದರಲ್ಲಿ ಕಾಲು ಭಾಗ ಲೇಖಕರ ವಾದಕ್ಕೆ, ಉಳಿದದ್ದರ ದೊಡ್ಡ ಪಾಲು ನೀವು ಪರೀಕ್ಷಿಸಿದ ಒಂದೆರಡು ಅಂಶಕ್ಕೆ. ಎಲ್ಲಾ ಅಧ್ಯಾಯ ಮುಟ್ಟುವ ಆಸೆ ಬಿಡಿ.

ಮೊದಲ ಸಾಲಿನಲ್ಲೇ ವಿಷಯಕ್ಕೆ ಬನ್ನಿ. 'ಪ್ರಜಾಪ್ರಭುತ್ವದಲ್ಲಿ ಚುನಾವಣೆಗೆ ವಿಶೇಷ ಮಹತ್ವವಿದೆ' ಎಂಬ ವಾಕ್ಯ ಯಾರಿಗೂ ಬೇಕಾಗಿಲ್ಲ. 'ಪ್ರಾದೇಶಿಕ ಮೀಸಲಾತಿಯನ್ನು ವ್ಯಕ್ತಿಗಳ ಹಕ್ಕಿನಿಂದ ಸಮರ್ಥಿಸಬಹುದು ಎಂದು ಈ ಪುಸ್ತಕ ವಾದಿಸುತ್ತದೆ, ಆದರೆ ಮೂರನೇ ಅಧ್ಯಾಯದಲ್ಲಿ ಅದಕ್ಕೆ ಬೇಕಾದ ಕೊಂಡಿ ಸಿಗುವುದಿಲ್ಲ' ಎಂದು ಶುರುಮಾಡಿ ನೋಡಿ. ಓದುಗರು ಮುಂದಕ್ಕೆ ಬರುತ್ತಾರೆ.

ಹೊಗಳಿಕೆಯೂ ನಿಖರವಾಗಿರಲಿ. 'ವಿದ್ವತ್ಪೂರ್ಣ ಕೃತಿ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಗ್ರಾಮ ಪಂಚಾಯಿತಿ ನಡಾವಳಿ ಪುಸ್ತಕಗಳನ್ನು ಕೂತು ಓದಿ, ಯಾವ ವಿಷಯಕ್ಕೆ ಎಷ್ಟು ಚರ್ಚೆಯಾಯಿತು ಎಂದು ತೋರಿಸಿದ್ದಾರೆ' ಎನ್ನಿ. ದೂರುವಾಗ ಪುಟ ಸಂಖ್ಯೆ ಕೊಡಿ. ಉಲ್ಲೇಖಿಸಿದ ಸಾಲನ್ನು ಮೂಲದ ಜೊತೆ ಮತ್ತೊಮ್ಮೆ ತಾಳೆ ನೋಡಿ. ಲೇಖಕರ ಜಾತಿ, ಪಕ್ಷ, ಊರು, ಯಾವ ಮಠಕ್ಕೆ ಹತ್ತಿರ ಎಂಬುದನ್ನು ಎಳೆದು ತರಬೇಡಿ. ಅದು ನಮ್ಮ ಕಡೆ ಚಹಾದಂಗಡಿ ವಿಮರ್ಶೆಯ ಮುಖ್ಯ ಸರಕು, ಅಚ್ಚಿಗೆ ಬೇಡ.

ಇನ್ನೊಂದು ಚಟ: ಅವರು ಬರೆಯದ ಪುಸ್ತಕಕ್ಕೆ ವಿಮರ್ಶೆ ಬರೆಯುವುದು. ತೊಗರಿ ಬೆಲೆಯ ರಾಜಕೀಯದ ಬಗ್ಗೆ ಬರೆದವರನ್ನು 'ಭೀಮಾ ನದಿ ನೀರಿನ ಬಗ್ಗೆ ಯಾಕೆ ಬರೆಯಲಿಲ್ಲ' ಎಂದು ಕೇಳುವುದು. ಬಿಟ್ಟದ್ದರಿಂದ ಅವರ ವಾದವೇ ಕುಸಿಯುತ್ತದೆ ಎಂದು ತೋರಿಸಬಹುದಾದರೆ ಮಾತ್ರ ಕೇಳಿ. ನಮ್ಮ ಭಾಗಕ್ಕೆ ಅನ್ಯಾಯವಾಗಿದೆ ಎಂಬ ಸಿಟ್ಟು ನನಗೂ ಇದೆ, ಆದರೆ ಆ ಸಿಟ್ಟನ್ನು ಸಿಕ್ಕ ಪುಸ್ತಕದ ಮೇಲೆಲ್ಲಾ ಸುರಿದರೆ ಪುಸ್ತಕ ಮರೆಯಾಗುತ್ತದೆ.

8. ಗುಪ್ತ ವಿಮರ್ಶೆಗೆ ಕರೆ ಬಂದರೆ

ಪ್ರಕಟಣೆಗೆ ಮೊದಲು ಜರ್ನಲ್‌ನವರು ಲೇಖನವನ್ನು ನಿಮಗೆ ಕಳಿಸಿದರೆ ನಿಯಮ ಬೇರೆ. ಅದನ್ನು ಯಾರಿಗೂ ತೋರಿಸಬಾರದು, ವಾಟ್ಸಾಪ್‌ನಲ್ಲಿ ಹಾಕಬಾರದು, ಚಾಟ್‌ಜಿಪಿಟಿಯಂಥದಕ್ಕೆ ಕೊಟ್ಟು ವರದಿ ಬರೆಸಬಾರದು. ಅದು ಇನ್ನೊಬ್ಬರ ಪ್ರಕಟವಾಗದ ಕೆಲಸ. ವರದಿಯನ್ನು ಮೂರು ಭಾಗ ಮಾಡಿ: ವಾದದ ಸಾರ, ಸರಿಪಡಿಸದಿದ್ದರೆ ಪ್ರಕಟಿಸಬಾರದ ದೋಷಗಳು, ಸಣ್ಣಪುಟ್ಟ ಸಲಹೆಗಳು. ಸ್ವೀಕರಿಸಿ ಅಥವಾ ತಿರಸ್ಕರಿಸಿ ಎಂಬ ಶಿಫಾರಸು ಸಂಪಾದಕರಿಗೆ ಬೇರೆಯಾಗಿ. ನಿಮ್ಮದೇ ಲೇಖನಗಳನ್ನು ಉಲ್ಲೇಖಿಸುವಂತೆ ಒತ್ತಾಯಿಸುವುದು ಕೆಟ್ಟ ಚಾಳಿ. ಸಮಯ ಇಲ್ಲದಿದ್ದರೆ ಎರಡು ದಿನದಲ್ಲೇ ಇಲ್ಲ ಎಂದುಬಿಡಿ. ಒಪ್ಪಿಕೊಂಡು ಆರು ತಿಂಗಳು ಕೂತರೆ ಆ ಕಡೆ ಯಾರದೋ ಬಡ್ತಿ, ಯಾರದೋ ಪಿಎಚ್.ಡಿ. ನಿಂತಿರುತ್ತದೆ.

9. ಎಲ್ಲಿಗೆ ಕಳಿಸಬೇಕು, ಆಮೇಲೆ ಏನು

ಯುಜಿಸಿ ಒಪ್ಪಿದ ಜರ್ನಲ್‌ಗಳ 'ಕೇರ್' ಪಟ್ಟಿ 2025ರ ಫೆಬ್ರುವರಿಯಲ್ಲಿ ರದ್ದಾಯಿತು. ಯಾವ ಜರ್ನಲ್ ಒಳ್ಳೆಯದು ಎಂದು ಈಗ ಸಂಸ್ಥೆಗಳೇ, ಸಂಶೋಧಕರೇ ನಿರ್ಧರಿಸಬೇಕು. 'ನಾಲ್ಕು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ' ಎನ್ನುವ ಸಂದೇಶಗಳು ನಿಮ್ಮ ಮೊಬೈಲ್‌ಗೂ ಬರುತ್ತಿರಬಹುದು. ದುಡ್ಡು ಕೊಟ್ಟು ವಿಮರ್ಶೆ ಪ್ರಕಟಿಸುವ ಜಾಗಕ್ಕೆ ಹೋಗಬೇಡಿ. ನಂಬಿಕೆಯ ಪತ್ರಿಕೆಗಳು ಪುಸ್ತಕ ವಿಮರ್ಶೆಗೆ ದುಡ್ಡು ಕೇಳುವುದಿಲ್ಲ. ಸಂಪಾದಕ ಮಂಡಳಿಯಲ್ಲಿ ಹೆಸರಿದ್ದವರಿಗೆ ಒಂದು ಇಮೇಲ್ ಹಾಕಿ 'ನೀವು ಇದರಲ್ಲಿದ್ದೀರಾ' ಎಂದು ಕೇಳಿದರೆ ಬಹಳ ವಿಷಯ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ವಿಶ್ವವಿದ್ಯಾಲಯಗಳ ಪತ್ರಿಕೆಗಳ ಜೊತೆಗೆ ದಿನಪತ್ರಿಕೆಯ ಪುರವಣಿಗಳೂ ಇವೆ. ಅಲ್ಲಿ ಪದ ಮಿತಿ ಕಡಿಮೆ, ಆದರೆ ಓದುವವರು ಹೆಚ್ಚು.

ಕಳಿಸುವ ಮುಂಚೆ ವಿಷಯ ಗೊತ್ತಿಲ್ಲದ ಒಬ್ಬ ಗೆಳೆಯರಿಗೆ ಓದಲು ಕೊಡಿ. ಪುಸ್ತಕ ಏನು ಹೇಳುತ್ತದೆ, ನೀವೇನು ಹೇಳುತ್ತೀರಿ ಎಂದು ಅವರು ಎರಡು ಮಾತಿನಲ್ಲಿ ಹೇಳಲಾಗದಿದ್ದರೆ ಇನ್ನೊಮ್ಮೆ ತಿದ್ದಿ.

ಪ್ರಕಟವಾದ ಮೇಲೆ ನಿಮ್ಮ ಟಿಪ್ಪಣಿಗಳನ್ನು, ಅಂಚಿನಲ್ಲಿ ಗುರುತು ಹಾಕಿದ ಪ್ರತಿಯನ್ನು ಎಸೆಯಬೇಡಿ. ಲೇಖಕರ ಉತ್ತರ ಎರಡು ತಿಂಗಳು ಬಿಟ್ಟು ಬರಬಹುದು. ಬಂದರೆ ಅವರು ಎತ್ತಿದ ಅಂಶಗಳಿಗೆ ಮಾತ್ರ, ಪುಟ ಸಂಖ್ಯೆ ಹಿಡಿದು ಉತ್ತರಿಸಿ. ಅವರು ಹೇಳಿದ್ದು ಸರಿಯಿದ್ದರೆ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಲು ಸಂಪಾದಕರಿಗೆ ನೀವೇ ಬರೆಯಿರಿ. ಉತ್ತರದಲ್ಲಿ ಬರೀ ಬೈಗುಳ ಇದ್ದರೆ ಸುಮ್ಮನಿರಿ, ಮುಂದಿನ ಪುಸ್ತಕ ತೆಗೆದುಕೊಳ್ಳಿ.